ಎಲ್ಲರಿಗೂ ಎಂಬುದರ ಬಾಲ

ಹತ್ತೊಂಬತ್ತು ವರ್ಷ ಈ ಚರ್ಮದ ಚೀಲ ನನ್ನ ಹೆಗಲಿಗೆ.
ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ,
ಮತ್ತೆ ಅದೇ, ಹಿಂದುಮುಂದಾಗಿ.
ದಿನಕ್ಕೆ ಎಷ್ಟು ಸಲ ಅಂದಿರಬಹುದು ಆ ಮಾತು:
ಬಸ್ಸು ಬಂತು, ಬಸ್ಸು ಹೊರಟಿತು, ಬಸ್ಸು ಕೆಟ್ಟಿತು.
ನಾಲಿಗೆಗೆ ಅದು ಚಿಲ್ಲರೆ ಕಾಸು. ಯಾರ ಮುಖವಿದೆ ಎಂದು
ತಿರುಗಿಸಿ ನೋಡಿದವನಲ್ಲ.

ನೋಡುವ ಹಾಗೆ ಮಾಡಿದ್ದು ಫಾದರ್ ಲಿಗೋರಿ.
ಮಂಗಳವಾರದ ಗಿರಾಕಿ, ಡ್ರೈವರ್ ಹಿಂದಿನ ಸೀಟು,
ತೊಡೆಯ ಮೇಲೆ ಮೇಣದಬತ್ತಿಯ ಕಟ್ಟು.
'ಲ್ಯಾಟಿನ್ನಿನಲ್ಲಿ ಓಮ್ನಿಬುಸ್ ಅಂದರೆ ಎಲ್ಲರಿಗೂ ಅಂತ.
ಜನಕ್ಕೆ ಅವಸರ ನೋಡಿ, ತಲೆ ಕತ್ತರಿಸಿ
ಬಾಲ ಇಟ್ಟುಕೊಂಡರು.
ನಿನ್ನ ಪಾಲಿಗೆ ಉಳಿದದ್ದು ಬರೀ ವಿಭಕ್ತಿ ಪ್ರತ್ಯಯ ಕಣಪ್ಪ.'

ಚತುರ್ಥೀ! ಏಳನೇ ಕ್ಲಾಸಿನಲ್ಲಿ
ಗೆ, ಇಗೆ, ಕ್ಕೆ ಬಾರದೆ ಬೆಂಚಿನ ಮೇಲೆ ನಿಂತವನು ನಾನು.
ಈಗ ಅದೇ ಪ್ರತ್ಯಯಕ್ಕೆ ಆರು ಚಕ್ರ ಹಚ್ಚಿ
ಐವತ್ತೆರಡು ಮಂದಿಯನ್ನು ಕೂರಿಸಿ
ಕೂರದವರನ್ನು ಕಂಬಿಗೆ ತೂಗುಹಾಕಿ
ತುಂಗೆಯ ಪಕ್ಕಕ್ಕೇ ಒಯ್ಯುತ್ತಿದ್ದೇನೆ.

ಗೌಸ್ ಪೀರನಿಗೆ ಈ ಕತೆಯೆಲ್ಲ ಬೇಡ.
ಇಪ್ಪತ್ತು ವರ್ಷ ಸ್ಟೇರಿಂಗು ಹಿಡಿದವನು, ಆದರೂ ಅವನ ಬಸ್ಸೇ ಬೇರೆ;
ಅದಕ್ಕೆ ಚಕ್ರವಿಲ್ಲ, ಬ್ರೇಕು ಮಾತ್ರ.
ಮಂಡಗದ್ದೆಯ ಹೋಟೆಲಿನಲ್ಲಿ ಲೋಟದ ಮೇಲೆ ಅಂಗೈ: ಬಸ್.
ತಮ್ಮ ತೀರಿಹೋದದ್ದನ್ನೂ ಹಾಗೇ ಹೇಳಿದ.
'ನಾಲ್ಕು ಗಂಟೆಗೆ ಚಾ ಕೇಳಿದ. ತಂದುಕೊಟ್ಟೆ.
ಬಸ್.'
ಆಮೇಲೆ ಗೇರು ಹಾಕಿದ. ಗಾಜನೂರಿನವರೆಗೂ
ಇಳಿಯುವವರಿಗೆ ಕೈಸನ್ನೆ ಮಾಡಿದೆ,
ಸೀಟಿ ಊದಲಿಲ್ಲ.

ಇನ್ನು ಗೋದೂಬಾಯಿ ಮಹೇಂದ್ರಕರ್.
ಗಾಂಧಿಬಜಾರಿನ ಒಂದು ಓಣಿಯಲ್ಲಿ ರವಿಕೆ ಹೊಲಿಯುವವಳು;
ಗುಂಡಿ, ಕಾಜಾ, ಮಾತು, ಮೂರೂ ಬಿಗಿ.
ಮನೆಯೊಳಗೆ ಮರಾಠಿ, ಹೊಸ್ತಿಲಾಚೆ ಕನ್ನಡ,
ಅವಸರವಾದರೆ ಬಾಯಿಗೆ ಸಿಕ್ಕಿದ್ದು.

ಆವತ್ತು ಶನಿವಾರ, ಕೊನೆಯ ಟ್ರಿಪ್ಪು.
ಕಾಲಿಡುವಲ್ಲೆಲ್ಲ ಕಾಲೇ ಇರುವಾಗ ಹತ್ತಿದಳು ನಫೀಸಾ,
ತುಂಬು ಬಸುರಿ, ಕೈಯಲ್ಲಿ ಟಿಫಿನ್ ಕ್ಯಾರಿಯರು.
ಬಾಗಿಲ ಪಕ್ಕದ ಸೀಟಿನಿಂದ ಗೋದೂಬಾಯಿ ಎದ್ದು,
ಸೀಟನ್ನು ಸೆರಗಿನಲ್ಲಿ ಒರೆಸಿ,
ಕೈ ಚಾಚಿ ಅಂದಳು: 'ಬಸ್!'
ಅವಳ ಮನೆಮಾತಿನಲ್ಲಿ ಅದು ಕೂತುಕೋ.
ನನಗೂ ಆಮೇಲೆ ತಿಳಿದದ್ದು.
ನಫೀಸಾಗೆ ಕೇಳಿಸಿದ್ದು: ಸಾಕು, ಅಲ್ಲೇ ನಿಲ್ಲು.
ಒಂದು ಮೆಟ್ಟಿಲು ಇಳಿದಳು.
'ಬಸ್, ಬಸ್!' ಮುದುಕಿ ಇನ್ನೂ ಜೋರಾಗಿ.
ಇನ್ನೊಂದು ಮೆಟ್ಟಿಲು.
ಕೂರು ಅಂದಷ್ಟೂ ಇಳಿಯುವವಳು,
ಇಳಿದಷ್ಟೂ ಕೂಗುವವಳು,
ನಡುವೆ ನಾನು, ಹರಿದ ಟಿಕೆಟ್ಟು ಹಿಡಿದುಕೊಂಡು.

ಕನ್ನಡಿಯಲ್ಲಿ ನೋಡುತ್ತಿದ್ದ ಗೌಸ್ ಪೀರ್ ಇಂಜಿನ್ ಆರಿಸಿ ನಕ್ಕ.
ತಮ್ಮ ಹೋದ ಮೇಲೆ ನಕ್ಕದ್ದು ಅದೇ ಮೊದಲು.
'ಬೈಠೋ ಬೋಲ್ರೈ, ಬೈಠೋ!'

ಬಂದು ಕೂತಳು. ಯಾರೂ ಯಾರಿಗೂ ಏನೂ ಹೇಳಲಿಲ್ಲ.
ಮುದುಕಿಯ ಬಟ್ಟೆಗಂಟನ್ನು ಎಳೆದು
ಮಡಿಲೆಂದು ಉಳಿದಿದ್ದ ಅಷ್ಟರಲ್ಲೇ ಇಟ್ಟುಕೊಂಡಳು.
ಗಾಜನೂರು ದಾಟಿ ತಲೆ ಎಣಿಸಿದರೆ ಎಪ್ಪತ್ಮೂರು,
ಟಿಕೆಟ್ಟು ಎಪ್ಪತ್ತೆರಡು.
ಎರಡು ಸಲ ಎಣಿಸಿದೆ. ಬಿಟ್ಟೆ.

ತೀರ್ಥಹಳ್ಳಿಯ ಮನೆ ಸೇರಿದಾಗ ರಾತ್ರಿ ಹನ್ನೊಂದು.
ಗೋಡೆಗೊರಗಿ ಕೂತಲ್ಲೇ ಕಣ್ಣು ಹತ್ತಿತ್ತು.
ಒಲೆಯ ಕಡೆಯಿಂದ ಅಕ್ಕ ಕೇಳಿದ್ದಾಳೆ,
'ಅನ್ನ ಬೆಂತು ಕಣೋ, ಬಸೀಲಾ?'
ನಾನು ನಿದ್ದೆಯಲ್ಲೇ ಅಂದೆನಂತೆ:
'ಒಳಗೆ ಹೋಗಿ, ಒಳಗೆ ಹೋಗಿ,
ಇನ್ನೂ ಒಬ್ಬರು ಹತ್ತಬೇಕು.'