ಮೂರು ದಿನ, ಎರಡು ಹಾಸಿಗೆ

ಬೀಜದ ಆಲೂಗಡ್ಡೆ ಕಂಪನಿಯ ಕ್ಯಾಲೆಂಡರಿನ
ಮಾರ್ಚ್ ಹಾಳೆ ಹರಿದು, ಮಗುಚಿ, ಅದರ ಬೆನ್ನ ಮೇಲೆ
ಬರೆಯುತ್ತಿದ್ದೇನೆ: ಮಾಂಕ್ಟನ್, ಮೇ ತಿಂಗಳು, ಮೂರು ದಿನ.
(ಮಾಂಟ್ರಿಯಲ್ ಎಂದು ಬರೆದು ಹೊಡೆದುಹಾಕಿದ್ದು ಮೇಲೆ ಕಾಣುತ್ತದೆ.)
ಹೊರಗೆ ಚರಂಡಿಯಲ್ಲಿ ಕೊನೆಯ ಹಿಮ
ನಮ್ಮ ದ್ವೀಪದ ಕೆಂಪು ಮಣ್ಣು ಕುಡಿದು
ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ.

ಮೊದಲ ಸಾಲು ಸೇತುವೆಯದು.
ದ್ವೀಪಕ್ಕೆ ಬರುವವರಿಗೆ ಸುಂಕವಿಲ್ಲ,
ಬಿಟ್ಟು ಹೋಗುವಾಗ ವಸೂಲಿ.
"ಹೋಗದೆ ಉಳಿದರೆ ಉಳಿತಾಯ" ಎನ್ನುತ್ತಾನೆ ರಸೆಲ್,
ಪ್ರತಿ ವರ್ಷದ ಅದೇ ಹಾಸ್ಯ,
ಆಲೂಗಡ್ಡೆ ಗೋದಾಮಿನ ಧೂಳು ಇನ್ನೂ ಹುಬ್ಬಿನಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಇಲ್ಲಿ ಹಾಸಿಗೆ ಎರಡು, ಕಾಲು ಹತ್ತು,
ಅದರಲ್ಲೆರಡು ಅತ್ತೆಯವು, ನಿದ್ದೆಯಲ್ಲಿ ಒದೆಯುತ್ತವೆ.
ಮೂರನೆಯ ಮಂಚಕ್ಕೆ ಇಪ್ಪತ್ತು ಡಾಲರ್ ಹೆಚ್ಚು;
ಕ್ಯಾಲಂ ನೆಲವೇ ಸಾಕೆನ್ನುತ್ತಾನೆ, ಈಜುಕೊಳ ಇದ್ದರಾಯಿತು.

ಥಿಯಾಗೆ ಬೇಕಿರುವುದು ಆ ಗುಡ್ಡ:
ಗೇರ್ ಬಿಟ್ಟರೆ ಕಾರು ತಾನಾಗಿ
ಹಿಂದಕ್ಕೆ, ಏರಿನತ್ತ ಉರುಳುತ್ತದಂತೆ.
ಕಣ್ಣಿನ ಮೋಸ, ಎಂದೆ.
ಮೋಸ ನೋಡಲೆಂದೇ ಹೋಗೋಣ, ಎಂದಳು.

ಊಟದ ಸಾಲಿನಲ್ಲಿ ಅತ್ತೆ ಹೇಳಿ ಬರೆಸಿದ್ದು ಪುಟೀನ್ ರಾಪೆ:
ತುರಿದ ಆಲೂಗಡ್ಡೆಯ ಬೂದು ಉಂಡೆ,
ಒಡೆದರೆ ಒಳಗೆ ಉಪ್ಪು ಹಂದಿಮಾಂಸ.
ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ!
ರಸೆಲ್ ತಲೆ ಮೇಲೆ ಕೈಹೊತ್ತ.
ಆಲೂಗಡ್ಡೆಯಿಂದ ರಜೆ ಪಡೆದು
ಇನ್ನೂರೈವತ್ತು ಕಿಲೋಮೀಟರ್, ಆಲೂಗಡ್ಡೆಗೆ.

ನನಗೆ ನದಿ. ದಿನಕ್ಕೆರಡು ಬಾರಿ
ಸಮುದ್ರ ಬಂದು ಅದನ್ನು ಹಿಂದಕ್ಕೆ ಓಡಿಸುತ್ತದೆ,
ಕೋಕೋ ಬಣ್ಣದ ನೀರು, ಒಂದೇ ಗೆರೆಯ ಅಲೆ.
ಸಮಯದ ಪಟ್ಟಿ ತೆಗೆದೆ: ಶನಿವಾರ ಬೆಳಿಗ್ಗೆ ಐದೂ ಮುಕ್ಕಾಲು,
ಸಂಜೆ ಆರು ಹತ್ತು.
ಗುಡ್ಡ, ಉಂಡೆ, ಈಜು ಎಲ್ಲವೂ ಈಗ
ಆ ಎರಡು ಗಳಿಗೆಗಳ ನಡುವೆ ತೂರಿಕೊಳ್ಳಬೇಕು.
ಕೆಲವರು ಅನ್ನುತ್ತಾರೆ ಮೊಣಕಾಲೆತ್ತರವೂ ಇಲ್ಲ, ನಿರಾಸೆ ಎಂದು.
ಇರಲಿ.

ಲೆಕ್ಕ ಅತ್ತೆಯ ಪಾಲಿನದು.
ಎಡ್ಮೇ ಪೆರಿ, ಎಪ್ಪತ್ತೊಂಬತ್ತು.
ಇಂಗ್ಲಿಷಿನಲ್ಲಿ ಬೈದು, ಇಂಗ್ಲಿಷಿನಲ್ಲಿ ಜಪಮಣಿ ಸರಿಸಿ,
ಎಣಿಸುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ;
ಇಸ್ಪೀಟೆಲೆ, ಹೆಣಿಗೆ, ಚಿಲ್ಲರೆ, ಎಲ್ಲ ಫ್ರೆಂಚಿನಲ್ಲೇ.
ತೊಂಬತ್ತು ಎನ್ನಲು ನಾಲ್ಕು-ಇಪ್ಪತ್ತು-ಹತ್ತು.
"ಅದಕ್ಕೇ ಅಜ್ಜಿಯ ಲೆಕ್ಕ ಯಾವಾಗಲೂ ಜಾಸ್ತಿ," ಎಂದ ಕ್ಯಾಲಂ.

ಹೋಟೆಲಿಗೆ ಫೋನು ಮಾಡಿದೆ.
"ಹಲೋ, ಬೋಂಜೂರ್" ಎಂದಿತೊಂದು ಎಳೆಯ ದನಿ,
ಆಮೇಲೆ ಸುಮ್ಮನಾಯಿತು.
ಆ ಊರಲ್ಲಿ ಹೀಗೆ: ಎರಡೂ ಬಾಗಿಲು ತೆರೆದಿಟ್ಟು
ನೀನು ಯಾವುದರಿಂದ ಬರುವೆಯೆಂದು ಕಾಯುತ್ತಾರೆ.
ನಾನು ಹೊಸ್ತಿಲು ಎಡವಿದೆ.
ಅತ್ತೆ ಪೆನ್ಸಿಲ್ ಕೆಳಗಿಟ್ಟು ಫೋನಿನತ್ತ ಬಾಗಿದರು.

ಮೊದಲು ತಡವರಿಕೆ, ತುಕ್ಕು ಹಿಡಿದ ತಿರುಗಣಿಯಂತೆ,
ಆಮೇಲೆ ಸರಾಗ. ಆ ಹುಡುಗಿಯದೋ
ಅರ್ಧ ವಾಕ್ಯ ಈ ದಡ, ಉಳಿದರ್ಧ ಆ ದಡ:
ನಡುನಡುವೆ ನನಗೂ ಗೊತ್ತಾಗುವ ಪದ,
ಪಾರ್ಕಿಂಗ್, ಬ್ರೇಕ್‌ಫಾಸ್ಟ್, ಫ್ರೀ.
ಅತ್ತೆ ಒಮ್ಮೆ ನಕ್ಕರು, ಯಾಕೆಂದು ಹೇಳಲಿಲ್ಲ.
ಹೆಸರು ಕೇಳಿದಾಗ, ಒಂದೊಂದೇ ಅಕ್ಷರ ಬಿಡಿಸಿ
"ಪ್ವಾರಿಯೆ" ಎಂದು ಬರೆಸಿದರು.

ನಾವು ಅವರ ಮುಖ ನೋಡಿದೆವು.
ಟಪಾಲು ಪೆಟ್ಟಿಗೆಯ ಮೇಲೆ, ರಸೆಲ್‌ನ ಸಂಬಳದ ಚೀಟಿಯಲ್ಲಿ,
ಮಾವನ ಗೋರಿಯ ಕಲ್ಲಿನಲ್ಲಿ ಕೂಡ ಪೆರಿ.
"ನಿಮ್ಮಪ್ಪನ ಅಜ್ಜನ ಹೆಸರು ಕಣೋ," ಎಂದರು ಮಗನಿಗೆ.
"ಮೇಷ್ಟರಿಗೆ ಬರೆಯಲು ಬರಲಿಲ್ಲ, ಅಷ್ಟೇ."
ಮತ್ತೆ ಪೆನ್ಸಿಲ್ ಎತ್ತಿಕೊಂಡು:
"ಮೂರನೆಯ ಮಂಚ ಬಿಟ್ಟಿ. ಇಪ್ಪತ್ತು ಕಳಿ."

ರಸೆಲ್‌ಗೆ ಚಿಂತೆ: ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಿದರೆ?
ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ:
ಮತ್ತೆ ಫೋನು, ಹೆಸರು ಸರಿಪಡಿಸುವುದು.
ಬರೆದಾದ ಮೇಲೆ, ಯಾವುದು ಸರಿ ಎಂದು ತಿಳಿಯದೆ,
ಕೆಳಗೆ: ಬೆಕ್ಕಿಗೆ ಊಟ ಯಾರು ಹಾಕುತ್ತಾರೆ?
ರೇನ್‌ಕೋಟು. ಶನಿವಾರ ಐದಕ್ಕೆ ಅಲಾರಂ.