ಐವತ್ತನೆಯ ಮೊಳೆ

ಯಜಮಾನನ ಅಜ್ಜ ಗೋಡೆಗೆ ನೂರು ಮೊಳೆ ಹೊಡೆಸಿದ್ದ,
ಬಾಗಿಲಿನಿಂದ ಬಾಯ್ಲರ್ ಕೋಣೆಯವರೆಗೆ ಒಂದೇ ಸಾಲು,
ಬಂದವರೆಲ್ಲ ಕೋಟು ತೂಗುಹಾಕಲಿ ಎಂದು.
ಆಗ ಜೂರಾ ಬೆಟ್ಟದ ಈ ಕಣಿವೆಗೆ
ಕನ್ನಡಕದ ಚೌಕಟ್ಟು ಕೊರೆಯುವ ಸದ್ದಿನಿಂದಲೇ
ಬೆಳಗಾಗುತ್ತಿತ್ತಂತೆ.

ಈಗ ನಲವತ್ತೊಂಬತ್ತು ಕೋಟು.
ಆರ್ಡರು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ.
ಇಲ್ಲಿ ಸಂಬಳದ ಲೆಕ್ಕ ಬರೆಯುವವಳು ನಾನು, ಒದೀಲ್.
ಈ ಸಂಖ್ಯೆಯನ್ನು ದಿನಾ ನೋಡುತ್ತೇನೆ
ಮಗುವಿನ ಜ್ವರ ನೋಡಿದ ಹಾಗೆ:
ಏರಬಾರದು.

ಐವತ್ತಾದರೆ ಕಾನೂನು ಒಳಗೆ ಬರುತ್ತದೆ
ಬೂಟಿನ ಹಿಮ ಕೊಡವಿಕೊಂಡು, ಕಂಕುಳಲ್ಲಿ ಕಡತ ಹಿಡಿದು.
ಕೆಲಸಗಾರರ ಸಮಿತಿಗೆ ಬಲ, ಲಾಭದಲ್ಲಿ ಪಾಲು,
ಮನೆಗೆ ಕಳಿಸುವ ಮುನ್ನ ಉತ್ತರಿಸಬೇಕಾದ ಪ್ರಶ್ನೆ.
ಕೆಟ್ಟದ್ದೇನಲ್ಲ. ಹರೆಯದಲ್ಲಿ ಲಿಯೋಂ ನಗರದ ಬೀದಿಯಲ್ಲಿ
ಗಂಟಲು ಹರಿಯುವ ಹಾಗೆ ನಾನು ಕೂಗಿ ಕೇಳಿದ್ದೇ ಅದನ್ನು.
ನಲವತ್ತೊಂಬತ್ತಕ್ಕೆ ಅದು
ಹೊಸ್ತಿಲಾಚೆಯೇ ನಿಂತಿರುತ್ತದೆ.

ಎಮೆರಿಕ್ ಕೆಟ್ಟ ಯಜಮಾನನಲ್ಲ.
ನನ್ನ ಗಂಡ ಸತ್ತಾಗ ಹೆಗಲು ಕೊಟ್ಟವನು.
ಆದರೆ ಮಿಲಾನಿನಿಂದ ಮೂವತ್ತು ಸಾವಿರ ಚೌಕಟ್ಟಿನ ಬೇಡಿಕೆ ಬಂದ ದಿನ
ಸಿಹಿ ಹಂಚಬೇಕಾದವನು
ಕಿಟಕಿಯ ಹತ್ತಿರ ಹೋಗಿ ನಿಂತ.
ಬೆರಳು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.
ಕೊನೆಗೆ ಫೋನೆತ್ತಿ, ‘ಆಗದು, ಕ್ಷಮಿಸಿ’ ಎಂದ.

ಆಮೇಲೆ ಅಂಗಳದಾಚೆಯ ಷೆಡ್ಡಿಗೆ
ಅವನ ಹೆಂಡತಿಯ ಹೆಸರಿನ ಬೋರ್ಡು ಬಂತು.
ಅಲ್ಲಿ ಹನ್ನೊಂದು ಜನ, ಬೇರೆ ಕಂಪನಿ.
ಅದೇ ಬಾಯ್ಲರು, ಅದೇ ಅಂಟು, ಅದೇ ನಾಯಿ.
ತಪಾಸಣೆಗೆ ಬಂದ ಅಧಿಕಾರಿ
ಕಾಗದವೆಲ್ಲ ನೋಡಿ ಮುಗಿಸಿ, ನಾಯಿಯ ತಲೆ ಸವರಿ ಕೇಳಿದ:
‘ಇದು ಯಾವ ಕಂಪನಿಯದು?’
ಯಾರೂ ನಗಲಿಲ್ಲ. ನಾಯಿ ಮಾತ್ರ
ಎರಡೂ ಕಡೆಗೆ ಬಾಲ ಆಡಿಸಿತು.

ಪ್ಯಾರಿಸಿನ ಪಂಡಿತರು ಗೆರೆ ಎಳೆದು ತೋರಿಸುತ್ತಾರಂತೆ,
ನಲವತ್ತೊಂಬತ್ತರಲ್ಲಿ ಗುಡ್ಡ, ಐವತ್ತರಲ್ಲಿ ಪ್ರಪಾತ.
ಗುಡ್ಡದ ಮೇಲೆ ಊಟದ ಡಬ್ಬಿ ಬಿಚ್ಚಿ
ಕೂತವರು ನಾವು.

ನುರ್ಜಾನ್ ಆಗಾಗ ಬರುತ್ತಾಳೆ.
ಯಾರಿಗೋ ಹೆರಿಗೆ, ಯಾರಿಗೋ ಬೆನ್ನುನೋವು,
ಬದಲಿಗೆ ಬಂದವರನ್ನು ಎಣಿಸುವುದಿಲ್ಲ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವಳಪ್ಪ ಇಲ್ಲೇ ಮೂವತ್ತು ವರ್ಷ ಪಾಲಿಶು ಹಿಡಿದವನು.
ಅವಳು ಕೂರಿಸಿದ ಕೀಲು ಕೂದಲೆಳೆಯಷ್ಟೂ ಅಲುಗದು.
‘ನನ್ನಲ್ಲಿ ಏನು ಕಡಿಮೆ?’ ಎಂದು ಒಮ್ಮೆ ನನ್ನನ್ನೇ ಕೇಳಿದಳು.
ಕಡಿಮೆ ಏನೂ ಇಲ್ಲ ಮಗಳೇ.
ನೀನು ಹೆಚ್ಚು. ಒಂದು.
ಹೇಳಲಿಲ್ಲ.
ಕಾಫಿ ಕೊಟ್ಟೆ.

ನಿನ್ನೆ ನಿವೃತ್ತಿಯ ಪತ್ರ ಕೊಟ್ಟೆ.
ಎಮೆರಿಕ್ ನಿಧಾನಕ್ಕೆ ಓದಿದ. ಕಣ್ಣು ತುಂಬುವ ಮೊದಲು
(ನಾನಲ್ಲದೆ ಯಾರು ನೋಡಬೇಕು ಅದನ್ನು)
ಅವನ ತುಟಿ
ಒಂದು ಕಳೆಯಿತು.

ಸಂಜೆ ಹೊರಡುವಾಗ ಐವತ್ತನೆಯ ಮೊಳೆಯನ್ನು ಮುಟ್ಟಿದೆ.
ಬೆರಳಿಗೆ ತುಕ್ಕು ಹತ್ತಿತು.
ನುರ್ಜಾನಳಿಗೆ ಸಿಗುವುದು ಅದಲ್ಲ, ನನ್ನದು,
ಎಡದಿಂದ ಹನ್ನೆರಡನೆಯದು, ಕೊಂಚ ಬಾಗಿದೆ.
ಒದ್ದೆ ಕೋಟು ಹಾಕಿದರೆ ಜಾರುತ್ತದೆ ಅಂತ
ಅವಳಿಗೆ ಹೇಳಬೇಕು.