ತಪ್ಪು–ಒಪ್ಪು

ಒಟ್ಟು ಹನ್ನೊಂದು ಸಂಚಿಕೆ. ಒಂದಕ್ಕೆ ರಕ್ಷಾಪುಟವಿಲ್ಲ,
ಇನ್ನೊಂದರ ಬೆನ್ನನ್ನು ಗೆದ್ದಲು ಅರ್ಧ ತಿಂದು
ರುಚಿಸದೆ ಬಿಟ್ಟಿದೆ.
ಬೈತಖೋಲದ ಬಾಡಿಗೆ ಖೋಲಿ ಖಾಲಿ ಮಾಡುವಾಗ
ಹೊಲಿಗೆ ಮಷೀನಿನ ಪೆಟ್ಟಿಗೆಯಡಿ ಸಿಕ್ಕವು.
ಬಿಡಿಸಿದರೆ ಇನ್ನೂ ಡೀಸೆಲ್ ವಾಸನೆ,
ಅಥವಾ ನನ್ನ ಮೂಗೇ ಎಲ್ಲಿಂದಲೋ ಎರವಲು ತರುತ್ತಿದೆ.

ತಂದವನು ಇನಾಸನ ಮಾವ, ಹಡಗಿನಲ್ಲಿ ಅಡುಗೆಯವ.
ಯಾವುದೋ ಬಂದರಿನಲ್ಲಿ ಯಾರೋ ಎಸೆದ ಕಟ್ಟು,
ಮೀನು ಸುತ್ತಲಿಕ್ಕಾದರೂ ಆದೀತೆಂದು.
ಮುಖಪುಟದಲ್ಲಿ ಓತಿಕ್ಯಾತಕ್ಕೆ ರೆಕ್ಕೆ ಮೂಡಿದಂಥ ಪ್ರಾಣಿ,
ಅದರೆದುರು ಉಕ್ಕಿನ ಅಂಗಿ ತೊಟ್ಟ ಹೆಂಗಸು.
‘ಬಾವಿಕಟ್ಟೆಯಲ್ಲಿ ಸುಮನಕ್ಕ ನಿಂತ ಹಾಗೇ ಇದ್ದಾಳೆ ನೋಡು,
ಕೊಡ ಒಂದಿಲ್ಲ’ ಎಂದ ಗುರುದಾಸ.

ಆಟದ ಪುಸ್ತಕ ನಮ್ಮಲ್ಲಿರಲಿಲ್ಲ.
ಇದ್ದದ್ದು ಆಟದ ಕುರಿತ ಪತ್ರಿಕೆ ಮಾತ್ರ:
ಎಂಜಲೆಲೆ ನೋಡಿ
ಏನೇನು ಬಡಿಸಿದ್ದರೆಂದು ಊಹಿಸಿದ ಹಾಗೆ.
ನಿಯಮಗಳನ್ನು ನಾವು ಕಲಿತದ್ದು
ಕೊನೆಯ ಪುಟದ ತಪ್ಪು–ಒಪ್ಪಿನಿಂದ:
‘ಕಳೆದ ಸಂಚಿಕೆಯಲ್ಲಿ ಮಾಂತ್ರಿಕನಿಗೆ ಆರು ಎಂದು ಅಚ್ಚಾಗಿದೆ,
ನಾಲ್ಕು ಎಂದು ಓದಿಕೊಳ್ಳಿ.’
ಓದಿಕೊಂಡೆವು. ಏನು ಆರು, ಏನು ನಾಲ್ಕು?
ಒಂದೇ ಡಿಕ್ಷನರಿಗೆ ಬಗ್ಗಿದ ಮೂವರಿಗೂ ತಿಳಿಯಲಿಲ್ಲ.
ಉಸಿರು, ಅಂದೆ ನಾನು. ಹಾಗೇ ಆಯಿತು.
ಮಾಂತ್ರಿಕನಿಗೆ ನಾಲ್ಕೇ ಉಸಿರು.
ಮಾಂತ್ರಿಕ ಇನಾಸ.

ಇಪ್ಪತ್ತು ಮುಖದ ದಾಳ ಜಾಹೀರಾತಿನಲ್ಲಷ್ಟೇ ಹೊಳೆಯುತ್ತಿತ್ತು.
ಇಗರ್ಜಿಯ ಹೌಸಿ ಡಬ್ಬಿಯಿಂದ
ಒಂದರಿಂದ ಇಪ್ಪತ್ತರ ಬಿಲ್ಲೆ ಕದ್ದೆವು.
ಆ ವರ್ಷ ಹಬ್ಬದಲ್ಲಿ ಯಾರಿಗೂ ಫುಲ್ ಹೌಸ್ ಆಗಲಿಲ್ಲ,
ಪಾದ್ರಿಗಳು ಮೂರು ಸಲ ಡಬ್ಬಿ ಅಲುಗಿಸಿ ನೋಡಿದರು.
ಕರಟದಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಎತ್ತಬೇಕು.
ಹದಿನೇಳು ಎಲ್ಲೋ ಬಿದ್ದುಹೋಯಿತು, ಅದರ ಬದಲು
ನನ್ನ ಯೂನಿಫಾರ್ಮಿನ ಗುಂಡಿ.
ಗುಂಡಿ ಬಂದರೆ ಏನು ಬೇಕಾದರೂ ಆಗಬಹುದು;
ಅದು ನಮ್ಮದೇ ನಿಯಮ, ಯಾವ ಸಂಚಿಕೆಯೂ ತಿದ್ದಿಲ್ಲ.

ಹನ್ನೊಂದನೆಯದರಲ್ಲಿ ನೆಲಮಾಳಿಗೆಯ ನಕ್ಷೆ.
ಅರ್ಧ ಮಾತ್ರ. ಏಳನೇ ಬಾಗಿಲ ಹತ್ತಿರ
‘ಉಳಿದದ್ದು ಮುಂದಿನ ಸಂಚಿಕೆಗೆ.’
ಇನಾಸನ ಮಾವ ಆ ಮಳೆಗಾಲ ಹಡಗು ಬಿಟ್ಟು
ಮಡಗಾಂವಿನಲ್ಲಿ ಬೇಕರಿ ಹಾಕಿದ.

ಉಳಿದರ್ಧವನ್ನು ಗುರುದಾಸ ಲೆಕ್ಕದ ಚೌಕುಳಿ ಹಾಳೆಯಲ್ಲಿ ಬರೆದ.
ಬರೆಯಲು ಅವನಿಗೆ ಗೊತ್ತಿದ್ದದ್ದು ಒಂದೇ ಊರು, ಅರ್ಗಾ.
ಹೀಗೆ ಏಳನೇ ಬಾಗಿಲಿನಾಚೆ
ರಾಕ್ಷಸರ ಪಹರೆಯಲ್ಲಿ ಅವನ ಅಜ್ಜಿಯ ತುಳಸಿಕಟ್ಟೆ,
ಬಲಕ್ಕೆ ಒಣಮೀನಿನ ಚಪ್ಪರ, ಎಡಕ್ಕೆ ಒಡೆದ ದೋಣಿ,
ಒಂದು ಚೌಕವೆಂದರೆ ಹತ್ತು ಹೆಜ್ಜೆ.

ಆ ಹಾಳೆ ಈಗ ನನ್ನ ಮಡಿಲಲ್ಲಿದೆ.
ಅರ್ಗಾದ ಆ ಕೇರಿ ನೌಕಾನೆಲೆಯ ಗೋಡೆಯಾಚೆ ಇದೆ,
ಅಥವಾ ಇಲ್ಲ.
ಪಾಸಿಲ್ಲದೆ ಹೇಳಲಾಗದು.

ಇನಾಸ ಕೋರ್ಟಿನೆದುರು ನೋಟರಿ.
‘ಯಾವ ಪತ್ರಿಕೆ?’ ಅಂದ, ಸೀಲು ಒತ್ತುತ್ತಲೇ.
ನಾನು ಮೆಟ್ಟಿಲಿಳಿದ ಮೇಲೆ ಹಿಂದಿನಿಂದ ಕೂಗಿದ:
‘ನಾನು ಸತ್ತಿದ್ದೆನಾ, ಅಥವಾ?’
ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದೆ, ನಾಲ್ಕು ಹೊಡೆದು ಮೂರು,
ಮೂರು ಹೊಡೆದು ಒಂದು.
ಒಂದು ಉಳಿದಿದೆ ಅಂದೆ.
‘ಸಾಕು ಬಿಡು.’

ಗುರುದಾಸನಿಗೆ ನಕ್ಷೆಯ ಫೋಟೊ ಕಳಿಸಿದೆ.
ರಾತ್ರಿ ಹನ್ನೊಂದಕ್ಕೆ ಅವನ ಫೋನು,
ಪುನರ್ವಸತಿ ಕಾಲೋನಿಯ ನಾಯಿಗಳ ಬೊಗಳಿನ ನಡುವೆ:
‘ಚಪ್ಪರ ಎಡಕ್ಕಿತ್ತು ಮಾರಾಯ್ತಿ.
ಆಗ ತಪ್ಪಿ ಬರೆದಿದ್ದೆ. ಎಡ ಎಂದು ಓದಿಕೊ.’

ಪೆನ್ಸಿಲ್ ಹುಡುಕಿದೆ.
ಎಡಕ್ಕೆ ದೋಣಿ ಇದೆ, ಜಾಗ ಸಾಲದು.
ಅದನ್ನೆಲ್ಲಿಗೆ ಸರಿಸಲಿ ಎಂದು ಕೇಳುವಷ್ಟರಲ್ಲಿ
ಅವನು ಬಾವಿಯ ಬಗ್ಗೆ ಹೇಳಲು ಶುರುಮಾಡಿದ್ದ.